ಗಣಕವಿದ್ಯೆ ಮತ್ತು ಅದರ ಕಾವಲು

ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ನಮ್ಮ ಬಂಧುಗಳು ಈಚೆಗೆ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳುತ್ತಿದ್ದಾರೆ. “ಹುಡುಗ ಹತ್ತನೆಯ ಇಯತ್ತೆ ಪಾಸಾದ. ಕಂಪ್ಯೂಟರಿಗೆ ಹಾಕೋಣವೆಂದಿದ್ದೇವೆ. ಸೈಬರ್ ಸೆಕ್ಯುರಿಟಿ ಎಂಬುದಕ್ಕೆ ಈಗ ಬಹಳ ಬೇಡಿಕೆಯಂತೆ. ಎಲ್ಲಿ ಸೇರಿಸುವುದು? ಏನು ಕಲಿಸುತ್ತಾರೆ? ಕಲಿತರೆ ಕೆಲಸ ಸಿಕ್ಕೀತೇ?” ಕೇಳುವವರಲ್ಲಿ ಹೋಟೆಲಿನವರಿದ್ದಾರೆ, ಬಂದರಿನಲ್ಲಿ ದುಡಿಯುವವರಿದ್ದಾರೆ, ನಮ್ಮಂತೆ ಲೆಕ್ಕದ ಮೇಜಿನ ಗುಮಾಸ್ತರೂ ಇದ್ದಾರೆ. ಕೆಲವರು ಮಗನ ಸಲುವಾಗಿ ಕೇಳಿದರೆ ಕೆಲವರು ಮಗಳ ಸಲುವಾಗಿ, ಇನ್ನು ಕೆಲವರು ತಮಗಾಗಿಯೇ ಕೇಳುವುದುಂಟು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ತಿಳಿದಷ್ಟನ್ನು ಒಂದೆಡೆ ಬರೆದಿಡುವುದು ಲೇಸೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ನಾವು ಈ ವಿದ್ಯೆಯಲ್ಲಿ ಪಂಡಿತರಲ್ಲ. ಮ್ಯಾಟ್ರಿಕ್ ಆಗಿ, ಗಿರಣಿಯ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವವರು. ಆದರೆ ಲೆಕ್ಕದ ಪುಸ್ತಕಕ್ಕೆ ಕಾವಲು ಏಕೆ ಬೇಕೆಂಬುದನ್ನು ಗುಮಾಸ್ತನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸೈಬರ್ ಸೆಕ್ಯುರಿಟಿ ಎಂದರೆ ಮೂಲತಃ ಅದೇ ಕಾವಲು. ಪುಸ್ತಕದ ಬದಲು ಯಂತ್ರ ಬಂದಿದೆ, ಅಷ್ಟೇ.

ಈ ಊರಿಗೂ ಗಣಕಕ್ಕೂ ಇರುವ ನಂಟು

ಗಣಕವೆಂದರೆ ಬೆಂಗಳೂರಿನ ವಸ್ತು, ಮುಂಬಯಿಯೆಂದರೆ ಗಿರಣಿಗಳ ಊರು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ನಮ್ಮ ದೇಶದಲ್ಲಿಯೇ ರೂಪಿಸಿ ಕಟ್ಟಿದ ಮೊದಲ ದೊಡ್ಡ ಅಂಕೀಯ ಗಣಕಯಂತ್ರ ತಯಾರಾದದ್ದು ಈ ಮುಂಬಯಿಯಲ್ಲಿಯೇ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು 1956ರಲ್ಲಿ ಅದರ ಸಣ್ಣ ಮಾದರಿಯನ್ನು ಸಿದ್ಧಪಡಿಸಿದರು. ಪೂರ್ಣಯಂತ್ರವು 1960ರಲ್ಲಿ ಕೆಲಸಕ್ಕೆ ನಿಂತಿತು. 1962ರಲ್ಲಿ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಆ ಯಂತ್ರದಲ್ಲಿ ರೇಡಿಯೋದಲ್ಲಿರುತ್ತಿದ್ದಂಥ ವಾಲ್ವುಗಳು ಸುಮಾರು 2,700 ಇದ್ದವು. ಅಷ್ಟಿದ್ದೂ ಅದು ಒಂದು ಸಲಕ್ಕೆ ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ ವಿಷಯವು ಇಂದಿನ ಲೆಕ್ಕದಲ್ಲಿ ಸುಮಾರು 10 ಸಾವಿರ ಅಕ್ಷರಗಳಷ್ಟು. ಇಂದು ನಮ್ಮ ಹುಡುಗರ ಜೇಬಿನಲ್ಲಿರುವ ಸಾಧಾರಣ ಮೊಬೈಲು ಅದರ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ.

ಅದೇ 1960ರ ದಶಕದಲ್ಲಿ, ಗಣಕ ಬಂದರೆ ಗುಮಾಸ್ತರ ಅನ್ನಕ್ಕೆ ಸಂಚಕಾರವೆಂದು ವಿಮೆ ಮತ್ತು ಬ್ಯಾಂಕುಗಳ ನೌಕರರು ಬಲವಾಗಿ ವಿರೋಧಿಸಿದರು. ಆ ಅಂಜಿಕೆ ಹುರುಳಿಲ್ಲದ್ದೆಂದು ಹೇಳಲಾಗದು. ಬಹಳ ಕಾಲದ ಎಳೆದಾಟದ ನಂತರ 1983ರಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ನೌಕರರ ಸಂಘಕ್ಕೂ ಒಪ್ಪಂದವಾಗಿ ಯಂತ್ರಗಳು ಮೆಲ್ಲನೆ ಒಳಬಂದವು. ಅಷ್ಟರಲ್ಲಿ ಗಿರಣಿಗಳ ಕಥೆ ಬೇರೆಯೇ ಆಗಿತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಗಿರಣಿ ಕೆಲಸಗಾರರು ಹೊರಬಂದರು. ಅವರಲ್ಲಿ ಎಷ್ಟೋ ಮಂದಿಗೆ ಮರಳಿ ಸಾಂಚೆಯ ಮುಂದೆ ನಿಲ್ಲುವ ಯೋಗ ಬರಲಿಲ್ಲ. ಕೈಯಲ್ಲಿ ಒಂದೇ ಕಸಬು ಇದ್ದು ಆ ಕಸಬೇ ಮುಳುಗಿದರೆ ಮನೆ ಏನಾಗುತ್ತದೆಂಬುದನ್ನು ಪರಳ, ಲಾಲಬಾಗಗಳ ಚಾಳುಗಳಲ್ಲಿ ನಮ್ಮ ಹಿರಿಯರು ಕಣ್ಣಾರೆ ಕಂಡರು. ಮಕ್ಕಳಿಗೆ ಹೊಸ ಕಸಬು ಕಲಿಸಬೇಕೆಂಬ ಇಂದಿನ ತವಕಕ್ಕೆ ಹಿನ್ನೆಲೆ ಅದು. ಆದುದರಿಂದಲೇ ಈ ವಿಷಯವನ್ನು ಅವಸರದಲ್ಲಿ ತೀರ್ಮಾನಿಸಬಾರದು.

ಕಸಬಿನ ವಿದ್ಯೆಯೂ ಈ ಊರಿಗೆ ಹೊಸತಲ್ಲ. 1887ರಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಹುಟ್ಟಿದ್ದು ಗಿರಣಿಗಳಿಗೂ ಕಾರಖಾನೆಗಳಿಗೂ ಬೇಕಾದ ಕುಶಲರನ್ನು ತಯಾರಿಸಲೆಂದು. ಮೊದಲು ಭಾಯಖಳದಲ್ಲಿದ್ದು, 1923ರಲ್ಲಿ ಮಾಟುಂಗಾಕ್ಕೆ ಬಂದು, 1997ರಲ್ಲಿ ವೀರಮಾತಾ ಜೀಜಾಬಾಯಿಯ ಹೆಸರು ಪಡೆದ ಆ ಸಂಸ್ಥೆಯಲ್ಲಿ ಇಂದು ಗಣಕವಿದ್ಯೆ ಮುಖ್ಯ ಪಾಠಗಳಲ್ಲೊಂದು. ನಮ್ಮವರೂ ಹಿಂದೆ ಬೀಳಲಿಲ್ಲ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ವಡಾಲದ ನ್ಯಾಶನಲ್ ಕನ್ನಡ ಎಜ್ಯುಕೇಶನ್ ಸೊಸೈಟಿ ಮೊದಲಾದವು ದುಡಿಯುವವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದವರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಅವರಿಗೆ ಅಂದು ಟೈಪ್‌ರೈಟಿಂಗು ಮತ್ತು ಶೀಘ್ರಲಿಪಿ ಹೇಗೆ ಏಣಿಯಾದವೋ ಹಾಗೆ ಇಂದಿನವರಿಗೆ ಗಣಕವಿದ್ಯೆ.

ಕಲಿಯುವುದೇನನ್ನು?

ಗಣಕಕ್ಕೆ ತಿಳಿಯುವುದು ಎರಡೇ ಅಂಕಿ: ಸೊನ್ನೆ ಮತ್ತು ಒಂದು. ವಿದ್ಯುತ್ತು ಇಲ್ಲ ಅಥವಾ ಇದೆ. ಇಂಥ ಎಂಟು ಮನೆಗಳನ್ನು ಸಾಲಾಗಿ ಇಟ್ಟರೆ 256 ಬಗೆಯ ಜೋಡಣೆಗಳಾಗುತ್ತವೆ. ಅಕ್ಷರ, ಅಂಕಿ, ಚಿತ್ರ, ಹಾಡು ಎಲ್ಲವೂ ಕೊನೆಗೆ ಈ ಜೋಡಣೆಗಳೇ. ಕನ್ನಡದ ‘ಕ’ ಅಕ್ಷರವನ್ನು ಯಂತ್ರವು 3221 ಎಂಬ ಸಂಖ್ಯೆಯಿಂದ ಗುರುತಿಸುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚಿಕೊಟ್ಟ ಯೂನಿಕೋಡ್ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ.

ಒಂದು ಯಂತ್ರ ಇನ್ನೊಂದಕ್ಕೆ ಸಂದೇಶ ಕಳುಹಿಸುವಾಗ ಅದನ್ನು ಇಡಿಯಾಗಿ ಕಳುಹಿಸುವುದಿಲ್ಲ. ಚೂರುಚೂರು ಮಾಡಿ ಪ್ರತಿಯೊಂದು ಚೂರಿನ ಮೇಲೂ ವಿಳಾಸ ಬರೆದು ಕಳುಹಿಸುತ್ತದೆ. ನಮ್ಮ ಡಬ್ಬಾವಾಲರ ಕ್ರಮವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಡಬ್ಬಿಯ ಮುಚ್ಚಳದ ಮೇಲೆ ಯಾವ ಸ್ಟೇಶನ್ನು, ಯಾವ ಕಟ್ಟಡ, ಯಾವ ಮಜಲೆ ಎಂಬ ಗುರುತಿರುತ್ತದೆ. ದಾರಿಯಲ್ಲಿ ಅದು ಹಲವರ ಕೈ ಬದಲಾಯಿಸುತ್ತದೆ. ಹೊರುವವನು ಡಬ್ಬಿಯನ್ನು ತೆರೆದು ನೋಡಬೇಕಿಲ್ಲ, ಗುರುತು ಓದಿದರೆ ಸಾಕು. ಜಾಲದಲ್ಲಿಯೂ ಪ್ರತಿಯೊಂದು ಯಂತ್ರಕ್ಕೆ ಒಂದು ಸಂಖ್ಯಾವಿಳಾಸವುಂಟು. ಚಾಳಿನ ಹೆಸರೊಂದಿದ್ದರೆ ಸಾಲದು, ಖೋಲಿಯ ನಂಬರೂ ಬೇಕು. ಹಾಗೆಯೇ ಒಂದು ಯಂತ್ರದೊಳಗೆ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಬಾಗಿಲಿನ ನಂಬರುಗಳಿವೆ. ಯಾವ ಬಾಗಿಲು ತೆರೆದಿರಬೇಕು, ಯಾವುದಕ್ಕೆ ಬೀಗ ಹಾಕಬೇಕೆಂಬುದನ್ನು ತಿಳಿಯುವುದೇ ಕಾವಲುವಿದ್ಯೆಯ ಮೊದಲ ಪಾಠ.

ಈ ವಿದ್ಯೆಯ ಗುರಿಗಳು ಮೂರೆಂದು ಪಾಠಪುಸ್ತಕಗಳು ಹೇಳುತ್ತವೆ. ಪಗಾರದ ಪುಸ್ತಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಬ್ಬನ ಸಾಲ, ಕಡಿತಗಳನ್ನು ಇನ್ನೊಬ್ಬ ನೋಡಬಾರದು; ಇದು ಗೋಪ್ಯತೆ. ಬರೆದ ಅಂಕಿಯನ್ನು ಅಧಿಕಾರವಿಲ್ಲದವರು ತಿದ್ದಬಾರದು, ಇದು ನಿಖರತೆ. ಪಗಾರದ ದಿನ ಪುಸ್ತಕವು ಕೈಗೆ ಸಿಗಲೇಬೇಕು, ಇದು ಲಭ್ಯತೆ. ಗಣಕಕ್ಕೆ ಆಗುವ ಯಾವ ಕೇಡನ್ನೇ ತೆಗೆದುಕೊಳ್ಳಿ, ಈ ಮೂರರಲ್ಲಿ ಒಂದಾದರೂ ಕೆಟ್ಟಿರುತ್ತದೆ.

ಗೋಪ್ಯತೆ ಕಾಯಲು ಗೂಢಲಿಪಿ ಇದೆ. ಹಿಂದೆ ಬರೆಯುವವನಿಗೂ ಓದುವವನಿಗೂ ಒಂದೇ ಕೀಲಿಕೈ ಬೇಕಾಗುತ್ತಿತ್ತು. ಆ ಕೀಲಿಕೈಯನ್ನು ಕಳ್ಳನ ಕಣ್ಣು ತಪ್ಪಿಸಿ ತಲುಪಿಸುವುದೇ ದೊಡ್ಡ ತೊಡಕು. 1976 ಮತ್ತು 1977ರಲ್ಲಿ ಅಮೇರಿಕದ ಗಣಿತಜ್ಞರು ಎರಡು ಕೀಲಿಕೈಗಳ ಉಪಾಯವನ್ನು ಪ್ರಕಟಿಸಿದರು. ಬೀದಿಯ ಅಂಚೆಪೆಟ್ಟಿಗೆಯನ್ನು ನೆನೆಯಿರಿ. ಕಾಗದ ಹಾಕಲು ಯಾರಿಗೂ ಅಡ್ಡಿಯಿಲ್ಲ, ತೆಗೆಯಲು ಮಾತ್ರ ಅಂಚೆಯವನ ಕೀಲಿಕೈಯೇ ಬೇಕು. ಬ್ಯಾಂಕಿನೊಡನೆ ಮೊಬೈಲಿನಿಂದ ನಡೆಯುವ ವ್ಯವಹಾರದ ಬೇರು ಈ ಉಪಾಯದಲ್ಲಿದೆ.

ನಿಖರತೆ ಕಾಯಲು ಇನ್ನೊಂದು ಲೆಕ್ಕವಿದೆ. ಕಡತ ಎಷ್ಟೇ ದೊಡ್ಡದಿರಲಿ, ಅದನ್ನು ಗೊತ್ತಾದ ಸೂತ್ರದ ಮೂಲಕ ಹಾಯಿಸಿದರೆ ಒಂದು ಗೊತ್ತಾದ ಉದ್ದದ ಗುರುತು ಬರುತ್ತದೆ. ಒಳಗೆ ಒಂದು ಅಕ್ಷರ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಪುಟದ ಅಡಿಯಲ್ಲಿ ಮೊತ್ತ ಬರೆದು ಮರುದಿನ ತಾಳೆ ನೋಡುವ ಗುಮಾಸ್ತನ ಜಾಣತನವೇ ಇದು. ಆದರೆ ಮೊತ್ತವನ್ನು ಎರಡು ಅಂಕಿ ಹಿಂದುಮುಂದು ಮಾಡಿ ಸರಿದೂಗಿಸಬಹುದು, ಇದನ್ನು ಹಾಗೆ ಸರಿದೂಗಿಸಲು ಬಾರದು.

ಗುಪ್ತಪದದ ಲೆಕ್ಕವನ್ನೂ ಒಮ್ಮೆ ನೋಡೋಣ. ನಾಲ್ಕಂಕಿಯ ಪಿನ್ನು 0000ಯಿಂದ 9999ರವರೆಗೆ ಹತ್ತು ಸಾವಿರ ಬಗೆ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳ ಪದವಾದರೆ ಸುಮಾರು 20,883 ಕೋಟಿ ಬಗೆ. ಇದು ಬಹಳವೆಂದು ತೋರಿದರೂ ಇಂದಿನ ಯಂತ್ರಗಳಿಗೆ ಹೆಚ್ಚಲ್ಲ. ಎಂಟರ ಬದಲು ಹನ್ನೆರಡು ಅಕ್ಷರವಾದರೆ ಕೆಲಸ 4,56,976 ಪಟ್ಟು ಹೆಚ್ಚುತ್ತದೆ. ಉದ್ದದ ಗುಪ್ತಪದ ಇಟ್ಟುಕೊಳ್ಳಿರೆಂದು ಬಲ್ಲವರು ಹೇಳುವುದಕ್ಕೆ ಕಾರಣ ಈ ಗುಣಾಕಾರವೇ. ಮಗುವಿನ ಹೆಸರು, ಹುಟ್ಟಿದ ವರ್ಷ ಇಟ್ಟರೆ ಮಾತ್ರ ಯಾವ ಗುಣಾಕಾರವೂ ಕಾಯಲಾರದು. ಏಕೆಂದರೆ ಕಳ್ಳನು ಮೊದಲು ಊಹಿಸುವುದು ಅದನ್ನೇ.

ಕಾವಲು ತಪ್ಪಿದರೆ ಏನಾಗುತ್ತದೆ?

2017ರ ಜೂನ್ 27ರಂದು ನಮ್ಮ ಕೊಲ್ಲಿಯ ಆಚೆ ದಂಡೆಯಲ್ಲಿರುವ ಜವಾಹರಲಾಲ ನೆಹರು ಬಂದರಿನ ಒಂದು ಟರ್ಮಿನಲಿನಲ್ಲಿ ಕೆಲಸ ನಿಂತಿತು. ಕ್ರೇನುಗಳು ಕೆಟ್ಟಿರಲಿಲ್ಲ, ಕೆಲಸಗಾರರು ಮುಷ್ಕರ ಹೂಡಿರಲಿಲ್ಲ. ಯಾವ ಪೆಟ್ಟಿಗೆ ಎಲ್ಲಿದೆ, ಯಾವ ಲಾರಿಗೆ ಯಾವುದನ್ನು ಏರಿಸಬೇಕೆಂದು ಹೇಳುವ ಗಣಕಗಳು ಸತ್ತುಹೋಗಿದ್ದವು. ಆ ಟರ್ಮಿನಲನ್ನು ನಡೆಸುತ್ತಿದ್ದುದು ಡೆನ್ಮಾರ್ಕಿನ ಮಾರ್ಸ್ಕ್ ಕಂಪನಿಯ ಬಳಗ. ಕೇಡು ಹೊರಟದ್ದು ದೂರದ ಉಕ್ರೇನಿನಿಂದ. ಅಲ್ಲಿನ ವ್ಯಾಪಾರಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಒಂದು ಸಾಫ್ಟ್‌ವೇರಿನ ಹೊಸ ಆವೃತ್ತಿಯೊಳಗೆ ದುಷ್ಟರು ‘ನಾಟ್‌ಪೆಟ್ಯಾ’ ಎಂಬ ವಿಧ್ವಂಸಕ ಕ್ರಮವಿಧಿಯನ್ನು ಸೇರಿಸಿದ್ದರು. ಲೆಕ್ಕ ಬರೆಯುವವನ ಮೇಜಿನಿಂದ ಹೊರಟ ಬೆಂಕಿ ಒಂದೇ ದಿನದಲ್ಲಿ ನ್ಹಾವಾ ಶೇವಾಕ್ಕೆ ಮುಟ್ಟಿತು. ಇಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು.

ಆ ಕಂಪನಿ ಬದುಕಿಕೊಂಡ ಬಗೆಯೂ ತಿಳಿಯತಕ್ಕದ್ದು. ಅದರ ಜಾಲಕ್ಕೆಲ್ಲ ದಾರಿ ತೋರುವ ಮುಖ್ಯ ಪಟ್ಟಿಯ ನಕಲುಗಳು ಬೇರೆ ಬೇರೆ ದೇಶಗಳಲ್ಲಿದ್ದವು. ಆದರೆ ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡಿದ್ದುದರಿಂದ ಎಲ್ಲವೂ ಒಟ್ಟಿಗೆ ನಾಶವಾದವು. ಆಫ್ರಿಕಾದ ಘಾನಾದಲ್ಲಿ ಮಾತ್ರ ಆ ವೇಳೆಗೆ ವಿದ್ಯುತ್ತು ಹೋಗಿ ಅಲ್ಲಿನ ಯಂತ್ರ ಜಾಲದಿಂದ ಕಳಚಿಕೊಂಡಿದ್ದ ಕಾರಣ ಒಂದು ನಕಲು ಉಳಿಯಿತು. ಅದನ್ನು ಇಟ್ಟುಕೊಂಡೇ ಉಳಿದುದನ್ನೆಲ್ಲ ಮತ್ತೆ ಕಟ್ಟಿದರು. ತಾತ್ಪರ್ಯವೇನೆಂದರೆ, ನಕಲು ಇಟ್ಟರೆ ಸಾಲದು. ಒಂದಾದರೂ ನಕಲು ಜಾಲದಿಂದ ದೂರ, ಬೇರೆ ಜಾಗದಲ್ಲಿ ಇರಬೇಕು. ಮನೆಯ ಕಾಗದಪತ್ರಗಳನ್ನೆಲ್ಲ ಒಂದೇ ಟ್ರಂಕಿನಲ್ಲಿಟ್ಟು ಅದರ ನಕಲುಗಳನ್ನೂ ಅದೇ ಟ್ರಂಕಿನಲ್ಲಿಟ್ಟರೆ ಮಳೆಗಾಲದಲ್ಲಿ ಎರಡೂ ನೆನೆಯುತ್ತವೆ.

ಇನ್ನೊಂದು ಘಟನೆ ಪುಣೆಯದು. 2018ರ ಆಗಸ್ಟ್ 11 ಮತ್ತು 13ರಂದು ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಕಾರ್ಡಿನ ವ್ಯವಹಾರಕ್ಕೆ ಹೌದು ಅಲ್ಲ ಎನ್ನುವ ಬ್ಯಾಂಕಿನ ಯಂತ್ರವನ್ನು ಬದಿಗಿಟ್ಟು, ಎಲ್ಲದಕ್ಕೂ ಹೌದೆನ್ನುವ ಕಳ್ಳ ಯಂತ್ರವನ್ನು ನಡುವೆ ತೂರಿಸಲಾಗಿತ್ತು. ನಕಲಿ ಕಾರ್ಡು ಹಿಡಿದವರು 28 ದೇಶಗಳ ಎ.ಟಿ.ಎಮ್‌ಗಳಲ್ಲಿ ಹಣ ಎಳೆದರು. ಗೇಟಿನ ಕಾವಲುಗಾರನ ಸಮವಸ್ತ್ರ ತೊಟ್ಟು ಕಳ್ಳನೇ ಗೇಟಿನಲ್ಲಿ ನಿಂತಂತಾಯಿತು. ಇಂಥದನ್ನು ಬೇಗ ಗುರುತಿಸಲು ಯಂತ್ರಗಳ ದಿನಚರಿಯನ್ನು ಹಗಲಿರುಳು ಓದುತ್ತಾ ಕೂಡುವ ಜನರು ಬೇಕು. ದೊಡ್ಡ ಬ್ಯಾಂಕುಗಳಲ್ಲಿಯೂ ಕಂಪನಿಗಳಲ್ಲಿಯೂ ಈ ಕಾವಲು ಗಿರಣಿಯಂತೆಯೇ ಮೂರು ಪಾಳಿಯಲ್ಲಿ ನಡೆಯುತ್ತದೆ. 2022ರಲ್ಲಿ ಭಾರತ ಸರಕಾರದ ಸರ್ಟ್-ಇನ್ ಎಂಬ ಸಂಸ್ಥೆ, ಇಂಥ ಕೇಡು ಕಂಡುಬಂದ ಆರು ತಾಸಿನೊಳಗೆ ತನಗೆ ತಿಳಿಸಬೇಕು, ಯಂತ್ರಗಳ ದಿನಚರಿಯನ್ನು 180 ದಿನ ಕಾಪಾಡಬೇಕೆಂದು ಕಟ್ಟಳೆ ಮಾಡಿತು. ಕೆಲಸಕ್ಕೆ ಬೇಡಿಕೆ ಬಂದಿರುವುದು ಇಂಥ ಕಾರಣಗಳಿಂದ.

ಯಾವ ದಾರಿ ಯಾರಿಗೆ?

ಹತ್ತನೆಯ ಇಯತ್ತೆ ಪಾಸಾದವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಐ.ಟಿ.ಐ. ಅಲ್ಲಿ ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟಂಟ್ ಎಂಬ ಒಂದು ವರ್ಷದ ಕಸಬು ಇದೆ. ಹುಡುಗರು ಚಿಕ್ಕದಾಗಿ ‘ಕೋಪಾ’ ಎನ್ನುತ್ತಾರೆ. ಯಂತ್ರದ ಭಾಗಗಳು, ವಿಂಡೋಸ್ ಮತ್ತು ಲಿನಕ್ಸ್, ಪತ್ರ ಮತ್ತು ಕೋಷ್ಟಕಗಳ ಕೆಲಸ, ದತ್ತಾಂಶ ಸಂಗ್ರಹ, ಜಾಲದ ಜೋಡಣೆ, ಸ್ವಲ್ಪ ಕ್ರಮವಿಧಿ ರಚನೆ, ಅದರೊಡನೆ ಸೈಬರ್ ಸುರಕ್ಷೆಯ ಮೊದಲ ಪಾಠಗಳನ್ನು ಅಲ್ಲಿ ಕಲಿಸುತ್ತಾರೆ. ಕೈಕೆಲಸಕ್ಕೇ ಹೆಚ್ಚು ಸಮಯ. ಕೊನೆಯಲ್ಲಿ ಅಖಿಲ ಭಾರತ ಪರೀಕ್ಷೆ, ಪಾಸಾದರೆ ದೇಶದಾದ್ಯಂತ ನಡೆಯುವ ಪ್ರಮಾಣಪತ್ರ. ಅನಂತರ 1961ರ ಶಿಶಿಕ್ಷು ಕಾಯಿದೆಯಂತೆ ಕಂಪನಿಯೊಂದರಲ್ಲಿ ಭತ್ಯೆ ಪಡೆದು ಅಪ್ರೆಂಟಿಸ್ ಆಗಬಹುದು. ಕುರ್ಲಾ, ಮುಲುಂಡ, ಅಂಬರನಾಥಗಳಲ್ಲಿ ಸರಕಾರಿ ಐ.ಟಿ.ಐ.ಗಳಿವೆ. ಯಾವುದರಲ್ಲಿ ಯಾವ ಕಸಬು, ಎಷ್ಟು ಜಾಗವೆಂಬುದನ್ನು ಆಯಾ ವರ್ಷದ ಪ್ರವೇಶ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು. ಹತ್ತನೆಯ ಫಲಿತಾಂಶದ ಹೊತ್ತಿಗೇ ಅರ್ಜಿ ಆರಂಭವಾಗುವುದರಿಂದ ಜಾತಿ, ವಾಸ್ತವ್ಯದ ದಾಖಲೆಗಳನ್ನು ಮೊದಲೇ ಜೋಡಿಸಿಡುವುದು ಮೇಲು.

ಎರಡನೆಯದು ಪಾಲಿಟೆಕ್ನಿಕ್ ಡಿಪ್ಲೊಮಾ, ಮೂರು ವರ್ಷ. ಬಾಂದ್ರಾದ ಸರಕಾರಿ ಪಾಲಿಟೆಕ್ನಿಕ್, ಇನ್ನೂ ಹಲವು ಖಾಸಗಿ ಸಂಸ್ಥೆಗಳಲ್ಲಿ ಇದು ಉಂಟು. ಇಲ್ಲಿ ಗಣಿತ ಬೇಕೇ ಬೇಕು. ಮೊದಲ ಎರಡು ವರ್ಷ ಕ್ರಮವಿಧಿ, ಯಂತ್ರರಚನೆ, ಜಾಲಗಳಿಗೆ ಮುಡಿಪು. ಸುರಕ್ಷೆಯ ಪಾಠಗಳು ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ ಬರುತ್ತವೆ. ಡಿಪ್ಲೊಮಾ ಆದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ದಾರಿಯಿದೆ. ಅಂದರೆ ಚಿಕ್ಕ ಮೆಟ್ಟಿಲಿನಿಂದ ಹೊರಟರೂ ದೊಡ್ಡ ಮಜಲೆಗೆ ಏರಬಹುದು.

ಕೆಲಸದಲ್ಲಿರುವವರಿಗೆ ಇವೆರಡೂ ಕಷ್ಟ. ಅಂಥವರು 2001ರಿಂದ ಈ ರಾಜ್ಯದಲ್ಲಿ ನಡೆಯುತ್ತಿರುವ ಎಂ.ಎಸ್.-ಸಿ.ಐ.ಟಿ.ಯನ್ನೋ, ಕೇಂದ್ರ ಸರಕಾರದ ನೀಲಿಟ್ ಸಂಸ್ಥೆಯ 80 ತಾಸುಗಳ ಸಿ.ಸಿ.ಸಿ.ಯನ್ನೋ ಮೊದಲು ಮಾಡಿಕೊಳ್ಳಬಹುದು. ಇವು ಅಕ್ಷರಾಭ್ಯಾಸವಿದ್ದಂತೆ, ಇವುಗಳಿಂದ ಕಾವಲುಗಾರನಾಗಲು ಬಾರದು. ಹನ್ನೆರಡನೆಯದು ಆದವರಿಗೆ ನೀಲಿಟ್‌ನ ‘ಓ’ ಮಟ್ಟದ ಪರೀಕ್ಷೆಯುಂಟು. ಹಣವಿಲ್ಲದವರಿಗೂ ಒಂದು ಬಾಗಿಲಿದೆ. ಪೊವಾಯಿಯ ಐ.ಐ.ಟಿ.ಯವರು ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಹೆಸರಿನಲ್ಲಿ ಲಿನಕ್ಸ್, ಪೈಥಾನ್ ಮುಂತಾದವುಗಳ ಕಿರುಪಾಠಗಳನ್ನು ಪುಕ್ಕಟೆಯಾಗಿ ಒದಗಿಸಿದ್ದಾರೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ.

ಯಂತ್ರ ಕೊಳ್ಳಲು ಹೆಚ್ಚು ಹಣ ಸುರಿಯಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ, 1991ರಿಂದ ಬೆಳೆದುಬಂದ, ಹಣ ಕೊಡದೆ ಸಿಗುವ ಲಿನಕ್ಸ್ ಹಾಕಿಕೊಂಡು ಬಹಳಷ್ಟನ್ನು ಕಲಿಯಬಹುದು. ಸುರಕ್ಷೆಯ ಕೆಲಸದಲ್ಲಿ ಲಿನಕ್ಸ್ ಬಲ್ಲವರಿಗೆ ಹೇಗೂ ಮನ್ನಣೆ ಹೆಚ್ಚು.

ಎಚ್ಚರಿಕೆಯ ಎರಡು ಮಾತು

ಈಗ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇವೆ. ಲೋಕಲ್ ಗಾಡಿಯ ಡಬ್ಬಿಗಳಲ್ಲಿ, ಸ್ಟೇಶನ್ನಿನ ಸೇತುವೆಗಳ ಮೇಲೆ, ಮೊಬೈಲಿನ ಪರದೆಯ ಮೇಲೆ, “ಆರು ತಿಂಗಳಲ್ಲಿ ಎಥಿಕಲ್ ಹ್ಯಾಕರ್ ಆಗಿರಿ, ನೌಕರಿ ಗ್ಯಾರಂಟಿ” ಎಂಬ ಜಾಹೀರಾತುಗಳನ್ನು ನೀವೆಲ್ಲ ನೋಡಿರುತ್ತೀರಿ. ಖಾಸಗಿ ಕ್ಲಾಸುಗಳಲ್ಲಿ ಚೆನ್ನಾಗಿ ಕಲಿಸುವವು ಇಲ್ಲವೆಂದಲ್ಲ. ಆದರೆ ಜಾಲವೆಂದರೇನೆಂದು ತಿಳಿಯದ ಹುಡುಗನಿಗೆ ಜಾಲವನ್ನು ಕಾಯುವುದನ್ನು ಆರು ತಿಂಗಳಲ್ಲಿ ಕಲಿಸುತ್ತೇವೆಂಬುದು, ನೂಲು ಹಿಡಿಯಲು ಬಾರದವನನ್ನು ನೇಯ್ಗೆಯ ಮಾಸ್ತರನನ್ನಾಗಿ ಮಾಡುತ್ತೇವೆಂದಂತೆ. ಪ್ರಾವಿಡೆಂಟ್ ಫಂಡಿನಿಂದ ತೆಗೆದ ಹಣ, ತಾಯಿಯ ಬಳೆ ಅಡವಿಟ್ಟ ಹಣ ಇಂಥಲ್ಲಿ ಹೋಗಬಾರದು.

ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಪ್ರಮಾಣಪತ್ರ ಕೊಡುವವರು ಯಾರು: ಸರಕಾರದ ಮಂಡಳಿಯೇ, ವಿಶ್ವವಿದ್ಯಾಲಯವೇ, ಅಥವಾ ಕ್ಲಾಸಿನವರೇ? ದಿನಕ್ಕೆ ಎಷ್ಟು ತಾಸು ಯಂತ್ರದ ಮುಂದೆ ಕೂಡಲು ಸಿಗುತ್ತದೆ? ಫೀಯನ್ನು ಕಂತಿನಲ್ಲಿ ಕಟ್ಟಬಹುದೇ, ನಡುವೆ ಬಿಟ್ಟರೆ ಎಷ್ಟು ಮರಳಿ ಬರುತ್ತದೆ? ಕಳೆದ ವರ್ಷ ಕಲಿತವರಲ್ಲಿ ಇಬ್ಬರನ್ನು ಭೇಟಿ ಮಾಡಿಸುತ್ತೀರಾ? ಉತ್ತರವನ್ನು ಕಾಗದದ ಮೇಲೆ ಬರೆದು ಕೊಡಲು ಹಿಂಜರಿಯುವವರಿಂದ ದೂರವಿರುವುದು ಕ್ಷೇಮ. ‘ಸಾಲ ನಾವೇ ಕೊಡಿಸುತ್ತೇವೆ, ಇಲ್ಲಿ ರುಜು ಹಾಕಿ’ ಎಂದರೆ ರುಜು ಹಾಕುವ ಮುನ್ನ ಮನೆಗೆ ತಂದು ಓದಿಸಿ. ಕ್ಲಾಸು ಮುಚ್ಚಿದರೂ ಸಾಲ ಮುಚ್ಚುವುದಿಲ್ಲ.

ಎರಡನೆಯ ಮಾತು ಹುಡುಗರಿಗೆ. ಬೀಗ ತೆರೆಯುವ ವಿದ್ಯೆ ಕಲಿತವನ ಕೈ ಪಕ್ಕದ ಖೋಲಿಯ ಬೀಗದ ಮೇಲೆ ಹೋಗಬಾರದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳ ಪ್ರಕಾರ, ಅಪ್ಪಣೆಯಿಲ್ಲದೆ ಪರರ ಗಣಕದೊಳಗೆ ದುರುದ್ದೇಶದಿಂದ ಹೊಕ್ಕವನಿಗೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಸುಮ್ಮನೆ ಪರೀಕ್ಷಿಸಿ ನೋಡಿದೆ’ ಎಂದು ಹೇಳಿ ಪಾರಾಗಲು ಬಾರದು. ಒಮ್ಮೆ ಪೋಲೀಸು ದಾಖಲೆಯಾದರೆ ಕಾವಲಿನ ಕೆಲಸವನ್ನು ಯಾರು ಕೊಟ್ಟಾರು? ಅಭ್ಯಾಸಕ್ಕೆ ಪರರ ಯಂತ್ರ ಬೇಕಾಗಿಯೂ ಇಲ್ಲ. ತನ್ನದೇ ಗಣಕದೊಳಗೆ ಇನ್ನೊಂದು ಕಲ್ಪಿತ ಗಣಕವನ್ನು ಕಟ್ಟಿಕೊಂಡು, ಅದನ್ನೇ ಮುರಿದು ಅದನ್ನೇ ಸರಿಪಡಿಸಿ ಕಲಿಯುವ ಉಪಾಯವನ್ನು ಎಲ್ಲ ಒಳ್ಳೆಯ ಕೋರ್ಸುಗಳಲ್ಲಿ ಹೇಳಿಕೊಡುತ್ತಾರೆ.

ಕೆಲಸದ ವಿಷಯದಲ್ಲಿಯೂ ನಿಜವನ್ನೇ ಹೇಳಬೇಕು. ಒಂದು ವರ್ಷದ ಕೋರ್ಸು ಮುಗಿಸಿದವರಿಗೆ ಮೊದಲು ಸಿಗುವುದು ಕಂಪ್ಯೂಟರ್ ಆಪರೇಟರ್, ಕಚೇರಿಯ ಯಂತ್ರಗಳ ದುರಸ್ತಿ, ಜಾಲದ ತಂತಿ ಜೋಡಣೆ, ದೂರವಾಣಿಯಲ್ಲಿ ಸಹಾಯ ಮಾಡುವ ಮೇಜು ಇಂಥ ಕೆಲಸಗಳೇ. ಪಗಾರವೂ ಆರಂಭದಲ್ಲಿ ಸಾಧಾರಣವೇ. ಆದರೆ ಇವನ್ನು ಕೀಳೆಂದು ಬಗೆಯಬಾರದು. ಯಂತ್ರ ಹೇಗೆ ಕೆಡುತ್ತದೆ, ಜನ ಹೇಗೆ ತಪ್ಪುತ್ತಾರೆಂಬುದು ಅಲ್ಲಿ ತಿಳಿದಷ್ಟು ಚೆನ್ನಾಗಿ ಪುಸ್ತಕದಲ್ಲಿ ತಿಳಿಯದು. ಎರಡು ಮೂರು ವರ್ಷ ಅಲ್ಲಿ ಕಣ್ಣು ತೆರೆದು ದುಡಿದು, ಜೊತೆಗೆ ಓದನ್ನು ಮುಂದುವರಿಸಿದವರಿಗೆ ಪಾಳಿಯ ಕಾವಲುಗಾರನ ಕುರ್ಚಿ ದೂರವಲ್ಲ.

ಇಂಗ್ಲಿಷಿನ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಸಾಧ್ಯವೇ ಎಂದು ಕೇಳುವವರುಂಟು. ಪಾಠಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲಿವೆ ಎಂಬುದು ನಿಜ. ಐ.ಟಿ.ಐ.ಗಳಲ್ಲಿ ಮಾಸ್ತರರು ಮರಾಠಿ, ಹಿಂದಿಗಳಲ್ಲಿ ಬಿಡಿಸಿ ಹೇಳುವುದುಂಟು. ಆದರೂ ಇಂಗ್ಲಿಷನ್ನು ಕಲಿಯದೆ ಬಹಳ ದೂರ ಹೋಗಲಾಗದು. ಸಮಾಧಾನದ ಮಾತೆಂದರೆ, ಗಣಕಕ್ಕೆ ಬೇಕಾಗುವ ಇಂಗ್ಲಿಷು ಕೆಲವು ನೂರು ಪದಗಳದು. ಅವೂ ಪದೇ ಪದೇ ಬರುವಂಥವು. ದಿನಕ್ಕೆ ಐದು ಪದ ಕಲಿತರೆ ಮೂರು ತಿಂಗಳಲ್ಲಿ 450 ಆಗುತ್ತವೆ. ಮೇಲಾಗಿ, ಗಣಕದಲ್ಲಿ ಕನ್ನಡಕ್ಕೆ ದಾರಿ ಮಾಡಿದವರಲ್ಲಿ ಮುಂಬಯಿಯಲ್ಲಿ ದುಡಿದ ಕನ್ನಡಿಗರೂ ಇದ್ದಾರೆಂಬುದನ್ನು ನಮ್ಮ ಹುಡುಗರು ತಿಳಿಯಬೇಕು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಈ ಊರಿನ ವಿಜ್ಞಾನ ಸಂಸ್ಥೆಯಲ್ಲಿಯೂ ಮುದ್ರಣೋದ್ಯಮದಲ್ಲಿಯೂ ಕೆಲಸ ಮಾಡಿದವರು. ಕನ್ನಡವನ್ನು ಉಚ್ಚಾರದಂತೆ ಟೈಪು ಮಾಡುವ ಕೀಲಿಮಣೆಯನ್ನು ರೂಪಿಸಿದವರು ಅವರೇ. ಇಂದು ನಾವು ಬಳಸುವ ‘ನುಡಿ’ಯ ಕೀಲಿಮಣೆಗೆ ಆಧಾರ ಅದು.

ಕೋರ್ಸು ಸೇರದವರಿಗೂ

ವಯಸ್ಸಾಯಿತು, ನಮಗೆ ಈ ವಿದ್ಯೆ ಏಕೆ ಎನ್ನುವವರೂ ಕೆಲವು ಸಂಗತಿಗಳನ್ನು ತಿಳಿದಿರಲೇಬೇಕು. ಏಕೆಂದರೆ ಕಳ್ಳರು ಇಂದು ಬ್ಯಾಂಕಿನ ಗೋಡೆ ಕೊರೆಯುವುದಕ್ಕಿಂತ ದೂರವಾಣಿಯಲ್ಲಿ ನಮ್ಮನ್ನೇ ಹೆದರಿಸಿ ಹಣ ತರಿಸಿಕೊಳ್ಳುವುದು ಸುಲಭವೆಂದು ಕಂಡುಕೊಂಡಿದ್ದಾರೆ.

2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿಯಲ್ಲಿ ಹಣ ಕೊಡಲು ಪಿನ್ನು ಬೇಕು, ಪಡೆಯಲು ಬೇಡ. ‘ಹಣ ಕಳುಹಿಸಿದ್ದೇವೆ, ಪಡೆಯಲು ಪಿನ್ನು ಒತ್ತಿ’ ಎಂದವನು ಕಳ್ಳ. ಬ್ಯಾಂಕಿನಿಂದ ಬರುವ ಓ.ಟಿ.ಪಿ.ಯನ್ನು ಯಾರಿಗೂ, ಬ್ಯಾಂಕಿನವನೆಂದು ಹೇಳಿದವನಿಗೂ, ಹೇಳಕೂಡದು. ಪೋಲೀಸು ಸಮವಸ್ತ್ರದಲ್ಲಿ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಖೋಲಿಯಿಂದ ಹೊರಗೆ ಹೋಗಬೇಡಿ, ಯಾರಿಗೂ ಹೇಳಬೇಡಿ’ ಎಂದು ಬೆದರಿಸುವುದುಂಟು. ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಹಾಗೊಂದು ಬಂಧನ ಇಲ್ಲ. ಕರೆ ಕಡಿದುಹಾಕಿ ಪಕ್ಕದ ಮನೆಯವರನ್ನು ಕರೆಯಿರಿ. ನಾಲ್ಕು ಜನರೆದುರು ಆ ಬೆದರಿಕೆ ನಿಲ್ಲಲಾರದು.

ಹಣ ಹೋದರೆ ನಾಚಿ ಕೂಡಬೇಡಿ. ಕೂಡಲೆ 1930ಕ್ಕೆ ದೂರವಾಣಿ ಮಾಡಿ, ಬ್ಯಾಂಕಿಗೂ ತಿಳಿಸಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಬೇಗ ತಿಳಿಸಿದರೆ ನಡುದಾರಿಯಲ್ಲಿ ತಡೆಹಿಡಿಯಲು ಸಾಧ್ಯ, ಮರುದಿನದವರೆಗೆ ಕಾದರೆ ಅದು ಎ.ಟಿ.ಎಮ್ಮಿನಿಂದ ಹೊರಬಿದ್ದಿರುತ್ತದೆ. ಕರೆಯ ನಂಬರು, ವೇಳೆ, ವ್ಯವಹಾರದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅನಂತರ ಕೊಡುವ ಲಿಖಿತ ದೂರಿಗೆ ಅವು ಆಧಾರವಾಗುತ್ತವೆ.

ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಈ ವಿದ್ಯೆ ಕಲಿತರೆ ಅದರ ಮೊದಲ ಫಲ ಪಗಾರವಲ್ಲ. ಅಜ್ಜಿಯ ಪಿಂಚಣಿ, ತಂದೆಯ ಗ್ರ್ಯಾಚುಟಿ ಇವು ಉಳಿಯುವುದು. ಆದ್ದರಿಂದ ಕಲಿಯುವ ಮಕ್ಕಳಿಗೆ ನಮ್ಮ ವಿನಂತಿ ಇಷ್ಟೇ: ಕಾಲೇಜಿನಲ್ಲಿ ಕಲಿತ ಪಾಠವನ್ನು ವಾರಕ್ಕೊಮ್ಮೆ ಮನೆಯವರಿಗೆ, ಚಾಳಿನ ಹಿರಿಯರಿಗೆ ಅವರ ಮಾತಿನಲ್ಲಿ ಹೇಳಿರಿ. ಹೇಳುವಾಗ ನಿಮಗೂ ಪಾಠ ಗಟ್ಟಿಯಾಗುತ್ತದೆ. ತಂದೆತಾಯಿಗಳಿಗೂ ಒಂದು ವಿನಂತಿಯುಂಟು. ಮೊಬೈಲಿನಲ್ಲಿ ಮುಳುಗಿದ್ದಾನೆಂದು ಮಗನನ್ನು ಗದರಿಸುವ ಮೊದಲು, ಅವನು ಮಾಡುತ್ತಿರುವುದು ಆಟವೋ ಅಭ್ಯಾಸವೋ ಎಂದು ಕೇಳಿ ನೋಡಿರಿ. ಅಭ್ಯಾಸವೆಂದರೆ ಅದನ್ನು ನಿಮಗೆ ತಿಳಿಯುವಂತೆ ಹೇಳಲು ಹೇಳಿರಿ.

ಪ್ರವೇಶದ ಅರ್ಜಿ ತುಂಬುವುದರಲ್ಲಿ ತೊಡಕಿದ್ದವರು ದಾಖಲೆಗಳ ನಕಲಿನೊಡನೆ ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ಸ್ವಯಂಸೇವಕರು ಕೂಡಿ ತುಂಬಿಕೊಡುವರು. ಇದಕ್ಕೆ ಯಾವ ಶುಲ್ಕವೂ ಇಲ್ಲ. ಓ.ಟಿ.ಪಿ.ಯನ್ನು ಮಾತ್ರ ನಮಗೂ ಹೇಳದೆ, ನೀವೇ ಒತ್ತತಕ್ಕದ್ದು.